ಮಿದುಳು ನೋಡಲು ಹೋದವರು

ಸೊಲ್ಲಾಪುರದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೊರಟವರು ಯಾರೆಂದು ಕೇಳಿ ತಿಳಿಯಬೇಕಿಲ್ಲ. ಬುತ್ತಿಗಂಟು, ನೀರಿನ ಕ್ಯಾನು, ಚಾದರ ಎಲ್ಲ ಸೀಟಿನ ಕೆಳಗೆ ಹೋಗುತ್ತವೆ. ಎಂಆರ್‌ಐ ಫಿಲ್ಮಿನ ದೊಡ್ಡ ಚೀಲ ಮಾತ್ರ ಮಡಿಕೆ ಬೀಳದಂತೆ ಕಿಟಕಿಗೆ ಒರಗಿ ಕೂತಿರುತ್ತದೆ, ಮನುಷ್ಯರು ಅದರ ಪಕ್ಕ ಮುದುಡಿಕೊಂಡಿರುತ್ತಾರೆ. ನಮ್ಮ ಬೋಗಿಯಲ್ಲೂ ಅಂಥದೊಂದು ಚೀಲವಿತ್ತು. ಅದರ ಯಜಮಾನರು ಗಾಡಿ ಬಿಟ್ಟ ಕೂಡಲೇ ಮಾತಿಗೆ ಶುರು ಮಾಡಿದರು.

“ನಿಮ್ಮ ಪೈಕಿ ಯಾರಿಗೆ ಆರಾಮಿಲ್ರಿ?”

“ಎಲ್ಲಾರೂ ಆರಾಮ ಅದಾರ್ರಿ,” ಎಂದರು ಮಾಮಾ. “ನಾವು ಸುಮ್ನ ಮಿದುಳು ನೋಡಾಕ ಹೊಂಟೀವಿ.”

ಯಜಮಾನರು ನನ್ನ ಮುಖ ನೋಡಿದರು. ಆರಾಮಿಲ್ಲದವರು ಯಾರೆಂದು ಅವರಿಗೆ ಗೊತ್ತಾದಂತಿತ್ತು. ಚೀಲವನ್ನು ಸ್ವಲ್ಪ ಆ ಕಡೆ ಸರಿಸಿಕೊಂಡರು.

ಮಾಮಾ ಹುಟ್ಟಿದ್ದು ಮಂಗಳವೇಢೆ ಸೀಮೆಯ ಮರವಡೆಯಲ್ಲಿ. ಮಾಲದಾಂಡಿ ಜೋಳಕ್ಕೆ ಹೆಸರಾದ ಕರಿಮಣ್ಣಿನ ನೆಲ ಅದು. ಮುಂದೆ ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದರು. ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ, ಸಾಮಾನ್ಯರೂ ಹೋಗಿ ನಿಜವಾದ ಮನುಷ್ಯರ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು ಎಂದು ಪತ್ರಿಕೆಯಲ್ಲಿ ಓದಿದ ದಿನದಿಂದ ಅವರಿಗೆ ನಿದ್ದೆಯಿಲ್ಲ. ಅವರ ವಯಸ್ಸಿನವರು ಕಾಶಿಗೆ, ಶ್ರೀಶೈಲಕ್ಕೆ ಟಿಕೆಟ್ ಮಾಡಿಸುತ್ತಾರೆ. ಮಾಮಾನ ಪಟ್ಟಿಯಲ್ಲಿ ಇದು ಮೊದಲಿತ್ತು. ಜೊತೆಗೆ ಹೋಗಲು ಅಳಿಯನೊಬ್ಬ ಬೇಕಿತ್ತು, ನಾನು ಸಿಕ್ಕಿದೆ.

ಗಾಡಿ ಊರು ದಾಟುವಾಗ ಅವರು ಕೋಟ್ನಿಸರ ಕಥೆ ತೆಗೆದರು. ದ್ವಾರಕಾನಾಥ ಕೋಟ್ನಿಸ್ 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. 1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು. ಯುದ್ಧದ ನಡುವೆ ಅಲ್ಲಿಯೇ ನಿಂತು ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಅಲ್ಲಿಯವರನ್ನೇ ಮದುವೆಯಾದರು, 1942ರ ಡಿಸೆಂಬರ್ 9ರಂದು ತೀರಿಕೊಂಡರು. ಆಗ ಅವರಿಗೆ 32 ವರ್ಷ. ಅವರ ಬಗ್ಗೆ ವಿ. ಶಾಂತಾರಾಮರು 1946ರಲ್ಲಿ ಸಿನಿಮಾ ಮಾಡಿದ್ದರಿಂದ ಇಷ್ಟು ಎಲ್ಲರಿಗೂ ಗೊತ್ತು. ಕೋಟ್ನಿಸರನ್ನು ಕೊಂದದ್ದು ಗುಂಡಲ್ಲ, ಅಪಸ್ಮಾರ ಎಂಬುದನ್ನು ಮಾತ್ರ ನಮ್ಮ ಕಡೆಯೂ ಬಹಳ ಜನ ನೆನಪಿಟ್ಟುಕೊಂಡಿಲ್ಲ. ಮೂರ್ಛೆರೋಗಕ್ಕೆ ಇವತ್ತಿಗೂ ಕೊಡುವ ಫೆನಿಟೋಯಿನ್ ಎಂಬ ಔಷಧದ ಗುಣ ಅಮೆರಿಕದಲ್ಲಿ ಗೊತ್ತಾದದ್ದು ಅದೇ 1938ರಲ್ಲಿ. “ಡಾಕ್ಟರ್ ಬ್ಯಾರೆದವರ ಹೊಟ್ಟಿ ಕೊಯ್ದು ಉಳಿಸತಾನ, ತನ್ನ ತಲಿಯೊಳಗ ಏನ ನಡದೈತಿ ಅಂತ ನೋಡಾಕ ಆಗಂಗಿಲ್ಲ,” ಎಂದರು ಮಾಮಾ.

ಅಕ್ಕಲಕೋಟ ರೋಡ್ ಹೋಯಿತು, ದುಧನಿ ಹೋಯಿತು. ಗಾಣಗಾಪುರ ರೋಡಿನ ಹೊತ್ತಿಗೆ ನಾವು ಕರ್ನಾಟಕದಲ್ಲಿದ್ದೆವು. ಹೊಲ ಅದೇ, ತೊಗರಿ ಅದೇ, ಮಾತು ಅದೇ. ಕಲಬುರಗಿ ದಾಟಿದ ಮೇಲೆ ಕಡಕ್ ಭಾಕರಿ, ಶೇಂಗಾ ಚಟ್ನಿ ಬಿಚ್ಚಿದೆವು. ಊಟ ಮುಗಿಸಿ ಕೈ ತೊಳೆದುಕೊಂಡು ಬಂದ ಮಾಮಾ ಅಂಗಿಯ ತೋಳು ಮೇಲಕ್ಕೆ ಸರಿಸಿ ಎಡ ರಟ್ಟೆ ತೋರಿಸಿದರು. “ಏನರ ಕಾಣಸ್ತದೇನು?” ಏನೂ ಇರಲಿಲ್ಲ. “ನಿನ್ನ ತೋಳ ನೋಡು.” ನನ್ನದರಲ್ಲಿ ಟಿಬಿ ತಡೆಯುವ ಬಿಸಿಜಿ ಲಸಿಕೆ ಚುಚ್ಚಿದ ಕಲೆ ಇದೆ, ನನ್ನ ವಾರಿಗೆಯ ಎಲ್ಲರಿಗೂ ಇರುವಂತೆ.

ಅವರಿಗೊಬ್ಬ ತಂಗಿ ಇದ್ದಳೆಂದು ನನಗೆ ಗೊತ್ತಿತ್ತು, ಹೇಗೆ ಹೋದಳೆಂದು ಗೊತ್ತಿರಲಿಲ್ಲ. ನಾಲ್ಕು ವರ್ಷದ ಹುಡುಗಿ. ಮೊದಲು ಸುಮ್ಮನೆ ಸಿಡುಕು, ಊಟ ಬೇಡ ಎನ್ನುವುದು, ಸಂಜೆಯಾದರೆ ಸಣ್ಣ ಜ್ವರ. ಆಮೇಲೆ ವಾಂತಿ. ಬಾಗಿಲು ತೆರೆದರೆ ಬೆಳಕಿಗೆ ಕಣ್ಣು ಮುಚ್ಚಿ ಅಳುವುದು. ಒಂದು ದಿನ ಎತ್ತಿಕೊಳ್ಳಲು ಹೋದರೆ ಕುತ್ತಿಗೆ ಬಾಗಲೇ ಇಲ್ಲ. ಗಾಳಿ ಸೋಕಿದೆ ಎಂದು ಊರವರು ಯಂತ್ರ ಕಟ್ಟಿಸಿದರು. ಸೊಲ್ಲಾಪುರಕ್ಕೆ ಒಯ್ಯುವ ಹೊತ್ತಿಗೆ ಎಚ್ಚರ ತಪ್ಪಿತ್ತು. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದ ಡಾಕ್ಟರು ಮಿದುಳಿನ ಪೊರೆಗೆ ಟಿಬಿ ಎಂದರು. ಮಾಮಾನಿಗೆ ಆಗ ಒಂಬತ್ತು ವರ್ಷ. ಮಿದುಳಿಗೆ ಪೊರೆ ಇರುತ್ತದೆ ಎಂದು ಅವರು ಕೇಳಿದ್ದು ಅವತ್ತೇ ಮೊದಲು.

ಎದುರಿನ ಯಜಮಾನರು ಈಗ ಚೀಲವನ್ನು ಮರೆತು ಕೇಳುತ್ತಿದ್ದರು.

ಬೆಳಿಗ್ಗೆ ಬೆಂಗಳೂರು. ಮೆಜೆಸ್ಟಿಕ್‌ನಿಂದ ಸಿಟಿ ಬಸ್ಸಿನಲ್ಲಿ ಹೊಸೂರು ರಸ್ತೆ. ನಿಮ್ಹಾನ್ಸ್ ಎಂಬ ಹೆಸರು ಬಂದದ್ದು 1974ರಲ್ಲಿ, ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿದಾಗ. ಒಳಗೆ ಮರಗಳೇ ಮರಗಳು. ಆ ನೆರಳಿನಲ್ಲಿ ದೇಶದ ಎಲ್ಲ ಕಡೆಯ ಜನ ಚಾದರ ಹಾಸಿಕೊಂಡು ತಮ್ಮ ಸರದಿ ಕಾಯುತ್ತಿರುತ್ತಾರೆ. ಕೆಲವು ಚಾದರಗಳ ಅಂಚು ನೋಡಿಯೇ ನಮ್ಮೂರಿನ ಮಗ್ಗದವು ಎಂದು ಹೇಳಬಹುದಿತ್ತು.

ನಾವು ನೋಡಲು ಬಂದ ಮ್ಯೂಸಿಯಂ ಹಿಂದೆ ಇರುವುದು ನ್ಯೂರೋಪೆಥಾಲಜಿ ವಿಭಾಗದ ದೊಡ್ಡ ಕೆಲಸ. ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಇಲ್ಲಿ ಮಿದುಳು ಬ್ಯಾಂಕ್ ಶುರುವಾಯಿತು. ಮರಣೋತ್ತರ ಪರೀಕ್ಷೆಗೆ ಬಂದ ದೇಹಗಳಿಂದ, ಮನೆಯವರ ಒಪ್ಪಿಗೆ ಪಡೆದು, ಮಿದುಳು ತೆಗೆದಿಟ್ಟು ಸಂಶೋಧಕರಿಗೆ ಕೊಡುವ ವ್ಯವಸ್ಥೆ. ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡು ಶವಾಗಾರದ ಮುಂದೆ ನಿಂತ ತಂದೆಯ ಹತ್ತಿರ ಈ ಮಾತು ಎತ್ತುವುದು ಹೇಗೆ ಎಂದು ನಾನು ಯೋಚಿಸಿದೆ. ಎತ್ತಿದವರಿದ್ದಾರೆ, ಒಪ್ಪಿದವರೂ ಇದ್ದಾರೆ. ಅದಕ್ಕೇ ಈ ಕೋಣೆಯಲ್ಲಿ ಸಾಲು ಸಾಲಾಗಿ ಗಾಜಿನಂಥ ಪೆಟ್ಟಿಗೆಗಳು, ಒಳಗೆ ದ್ರವದಲ್ಲಿ ನಿಂತ ಮಿದುಳುಗಳು. ಪಾರ್ಶ್ವವಾಯು ಬಡಿದದ್ದು, ಗಡ್ಡೆ ಬೆಳೆದದ್ದು, ಮುಪ್ಪಿನ ಮರೆವಿನಿಂದ ಕುಗ್ಗಿದ್ದು, ಲಾಡಿಹುಳದ ಗುಳ್ಳೆಗಳು ಅಲ್ಲಲ್ಲಿ ಕೂತದ್ದು. ಆ ಗುಳ್ಳೆಗಳ ಮುಂದೆ ಮಾಮಾ ಬುದ್ಧನ ಕಾಲದ ಜೀವಕ ವೈದ್ಯನನ್ನು ನೆನೆಸಿದರು. ರಾಜಗೃಹದ ಸೆಟ್ಟಿಯ ತಲೆಬುರುಡೆ ತೆರೆದು ಅವನು ಎರಡು ಹುಳ ಹೊರತೆಗೆದ ಕಥೆ ಬೌದ್ಧರ ವಿನಯಪಿಟಕದಲ್ಲಿದೆ. ಕಥೆಯೇ ಇರಬಹುದು. ಆದರೂ ಆ ಪೆಟ್ಟಿಗೆ ನೋಡಿದ ಮೇಲೆ ಅದನ್ನು ಅಷ್ಟು ಸುಲಭವಾಗಿ ನಕ್ಕು ತಳ್ಳಿಹಾಕಲಿಕ್ಕಾಗುವುದಿಲ್ಲ.

ನಮಗೆ ಮ್ಯೂಸಿಯಂ ತೋರಿಸಿ ವಿವರಿಸುತ್ತಿದ್ದ ಹುಡುಗಿ ಒಂದು ಪೆಟ್ಟಿಗೆಯ ಮುಂದೆ ನಿಂತಳು. ಮಿದುಳನ್ನು ಬುಡ ಮೇಲಾಗಿ ಇಟ್ಟಿದ್ದರು. ಕಣ್ಣಿನ ನರಗಳು ಕೂಡುವ ಜಾಗದಿಂದ ಹಿಡಿದು ಮಿದುಳು ಕಾಂಡದವರೆಗೆ ಬೂದುಹಸಿರು ಬಣ್ಣದ ದಪ್ಪ ಲೋಳೆ ಹೆಪ್ಪುಗಟ್ಟಿ ಅಂಟಿತ್ತು. ನರ, ರಕ್ತನಾಳ, ಎಲ್ಲ ಅದರೊಳಗೆ ಹೂತುಹೋಗಿದ್ದವು.

“ಇದು ಟಿಬಿ ಮೆನಿಂಜೈಟಿಸ್, ಅಂಕಲ್. ಕ್ಷಯದ ರೋಗಾಣು ಪೊರೆಗಳ ನಡುವೆ ಸೇರಿಕೊಂಡರೆ ಹೀಗಾಗುತ್ತೆ. ಲೋಳೆ ಮಿದುಳಿನ ನೀರಿನ ದಾರಿ ಮುಚ್ಚುತ್ತೆ, ಒಳಗೆ ನೀರು ತುಂಬಿ ಒತ್ತಡ ಜಾಸ್ತಿಯಾಗುತ್ತೆ. ರಕ್ತನಾಳಗಳೂ ಕಟ್ಟಿಕೊಳ್ಳುತ್ತೆ.”

ಮಾಮಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. “ಸಣ್ಣ ಮಕ್ಕಳದೂ ಹಿಂಗ ಇರತದೇನ ಯವ್ವಾ?”

“ಹೌದು ಅಂಕಲ್. ಮಕ್ಕಳಿಗೇ ಬೇಗ ಆಗೋದು.”

ಸ್ಟ್ರೆಪ್ಟೋಮೈಸಿನ್ ಎಂಬ ಔಷಧ 1943ರಲ್ಲಿ ಸಿಗುವವರೆಗೆ ಈ ರೋಗ ಹಿಡಿದವರು ಉಳಿದದ್ದು ಇಲ್ಲವೆನ್ನುವಷ್ಟು ಅಪರೂಪ. ಈಗ ಔಷಧಗಳಿವೆ, ಆದರೆ ಬೇಗ ಗೊತ್ತಾಗಬೇಕು. ಲಕ್ಷಣಗಳು ನಿಧಾನವಾಗಿ, ಸಾಮಾನ್ಯ ಜ್ವರದ ವೇಷದಲ್ಲಿ ಬರುತ್ತವೆ. ಎಳೆಯ ಮಕ್ಕಳನ್ನು ಈ ರೂಪದ ಕ್ಷಯದಿಂದ ಕಾಯುವುದರಲ್ಲಿ ಬಿಸಿಜಿ ಲಸಿಕೆ ನಿಜಕ್ಕೂ ಗಟ್ಟಿ. ದೊಡ್ಡವರ ಪುಪ್ಪುಸದ ಟಿಬಿಗೆ ಅದರಿಂದ ಅಷ್ಟೊಂದು ಪ್ರಯೋಜನವಿಲ್ಲ ಎಂದು ಬಿಸಿಜಿಯ ಬಗ್ಗೆ ಹಗುರವಾಗಿ ಮಾತಾಡುವವರಿದ್ದಾರೆ. ಅವರನ್ನು ಈ ಪೆಟ್ಟಿಗೆಯ ಮುಂದೆ ನಿಲ್ಲಿಸಬೇಕು. ಭಾರತದಲ್ಲಿ ಬಿಸಿಜಿ ಶುರುವಾದದ್ದು 1948ರಲ್ಲಿ. ದೇಶದ ಉದ್ದಗಲಕ್ಕೂ ಅಭಿಯಾನ ನಡೆದದ್ದು 1951ರ ನಂತರ. ಅದು ಮರವಡೆಯ ಆ ಮನೆಯನ್ನು ತಲುಪಿರಲಿಲ್ಲ.

ಕೊನೆಗೆ ಕೈಗವಸು ಕೊಟ್ಟರು. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮಿದುಳು ಮಾಮಾನ ಎರಡು ಅಂಗೈಗಳ ಮೇಲೆ ಬಂದು ಕೂತಿತು. ಬಣ್ಣ ಮಾಸಲು, ವಾಸನೆ ಕಣ್ಣಿಗೆ ಚುಚ್ಚುವಂಥದ್ದು. ಅವರ ಕೈ ಸ್ವಲ್ಪ ಕೆಳಗೆ ಇಳಿಯಿತು.

“ಭಾಳ ಒಜ್ಜಿ ಐತಿ!”

ಸುಮಾರು 1,400 ಗ್ರಾಂ ತೂಗುವ ಮಿದುಳು ಬದುಕಿರುವಾಗ ಪೊರೆಗಳ ನಡುವಿನ ನೀರಿನಲ್ಲಿ ತೇಲುತ್ತಿರುತ್ತದೆ. ಆ ನೀರಿನಲ್ಲಿ ಅದರ ತೂಕ 50 ಗ್ರಾಂನಷ್ಟೇ ಆಗಿಬಿಡುತ್ತದೆ ಎಂದು ಹುಡುಗಿ ಹೇಳಿದಾಗ ಮಾಮಾ ನಂಬಲಿಲ್ಲ, ಆಮೇಲೆ ಮನಸ್ಸಿನಲ್ಲೇ ಆರ್ಕಿಮಿಡೀಸನ ಲೆಕ್ಕ ಹಾಕಿ ನಂಬಿದರು. ಒಂದು ಹೊತ್ತಿಗೆ ತಲೆ, ಬೆನ್ನುಹುರಿ ಸೇರಿ ಇರುವುದು ಸುಮಾರು 150 ಮಿಲಿಲೀಟರ್ ನೀರು. ದಿನಕ್ಕೆ ತಯಾರಾಗುವುದು ಅರ್ಧ ಲೀಟರ್. ಎಂದರೆ ದಿನಕ್ಕೆ ಮೂರು ಸಲವಾದರೂ ಹಳೆಯದು ಹೋಗಿ ಹೊಸದು ಬರುತ್ತದೆ.

ಮಾಮಾ ಮಿದುಳನ್ನು ಹೊರಳಿಸಿ ಹೊರಳಿಸಿ ನೋಡಿದರು. ನಾನು ಫೋಟೋ ತೆಗೆಯಬಾರದೇನೋ ಎಂದು ಸುಮ್ಮನಿದ್ದೆ.

“ಯವ್ವಾ, ಮ್ಯಾಲಿನ ಪೊರಿ ಎಲ್ಲೈತಿ?”

“ಒಳಗಿನದು ಇಲ್ಲೇ ಮೈಗೆ ಅಂಟಿಕೊಂಡಿದೆ ನೋಡಿ, ರಕ್ತನಾಳಗಳ ಜೊತೆ. ಹೊರಗಿನ ದಪ್ಪನೆಯದು, ಡ್ಯೂರಾ, ಬುರುಡೆಗೆ ಅಂಟಿರುತ್ತೆ. ಮಿದುಳು ಹೊರಗೆ ತೆಗೆಯಬೇಕಾದರೆ ಅದನ್ನ ಕತ್ತರಿಸಿ ಬಿಡಿಸ್ತಾರೆ. ಇದರ ಜೊತೆ ಬರಲ್ಲ.”

“ಬಿಡಿಸಿ ಒಗದಬಿಡತೀರಿ?”

ಅವಳು ನಕ್ಕಳು. ಆದರೆ ನಿವೃತ್ತ ಮಾಸ್ತರರು ಕೇಳಿದ ಈ ಪ್ರಶ್ನೆಯಲ್ಲೇ ಇನ್ನೂರು ವರ್ಷಗಳ ಒಂದು ದೊಡ್ಡ ಮರೆವು ಅಡಗಿದೆ.

ಮಿದುಳಿಗೆ ಮೂರು ಪೊರೆ. ಹೊರಗೆ ಡ್ಯೂರಾ, ನಡುವೆ ತೆಳ್ಳನೆಯ ಅರಾಕ್ನಾಯ್ಡ್, ಒಳಗೆ ಮಿದುಳಿನ ಪ್ರತಿ ಮಡಿಕೆಗೂ ಇಳಿಯುವ ಪಯಾ. ಕಾಲೇಜಿನಲ್ಲಿ ಇವುಗಳಿಗೆ ಒಂದು ಪುಟ. ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ಹೊದಿಕೆಗಳೆಂದು ತಿಳಿದು, ತಜ್ಞರು ಅವನ್ನು ಸೀಳಿ ಒಳಗಿನ ಮುಖ್ಯ ವಸ್ತುವಿಗೆ ಹೋಗುತ್ತಿದ್ದರು. ಆದರೆ 1787ರಲ್ಲಿ ಇಟಲಿಯ ಸಿಯೆನಾದ ಪಾವ್ಲೋ ಮಸ್ಕಾಗ್ನಿ ಎಂಬವನು ದೇಹದ ದುಗ್ಧನಾಳಗಳ ಮೇಲೆ ದೊಡ್ಡ ಚಿತ್ರಗ್ರಂಥ ಪ್ರಕಟಿಸಿದ. ಗಾಜಿನ ಸಣ್ಣ ಕೊಳವೆಯಿಂದ ಪಾದರಸ ತುಂಬಿ ಆ ಕಾಣದ ನಾಳಗಳನ್ನು ಬೆಳ್ಳಗೆ ಹೊಳೆಯುವಂತೆ ಮಾಡುವುದು ಅವನ ಕೈಚಳಕ. ಡ್ಯೂರಾದಲ್ಲೂ ಅಂಥ ನಾಳಗಳಿವೆ ಎಂದು ಅವನು ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.  ದೇಹದ ಬೇರೆಲ್ಲ ಅಂಗಗಳಿಂದ ಕೊಳೆ ಮತ್ತು ಹೆಚ್ಚಿನ ದ್ರವ ಸಾಗಿಸಲು ದುಗ್ಧನಾಳಗಳಿವೆ, ಮಿದುಳಿಗಿಲ್ಲ ಎಂಬುದು ಪುಸ್ತಕಗಳಲ್ಲಿ ಖಾಯಂ ಆಯಿತು.

2015ರ ಜೂನ್‌ನಲ್ಲಿ ಅದು ಅಳಿಸಿಹೋಯಿತು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಕಿಪ್ನಿಸ್ ಪ್ರಯೋಗಾಲಯದ ಆಂತ್ವಾನ್ ಲೂವೋ ಇಲಿಯ ಪೊರೆಯಲ್ಲಿ ದುಗ್ಧನಾಳ ಕಂಡ. ಅದೇ ತಿಂಗಳು ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಕಾರಿ ಅಲಿಟಾಲೊ ಅವರ ತಂಡವೂ ಬೇರೆಯಾಗಿ ಅದನ್ನೇ ಪ್ರಕಟಿಸಿತು. ಲೂವೋ ಮಾಡಿದ ಉಪಾಯ ಕೇಳಿದರೆ ಇಷ್ಟೇನಾ ಎನಿಸುತ್ತದೆ. ಪೊರೆಯನ್ನು ಮೊದಲು ಬುರುಡೆಯಿಂದ ಬಿಡಿಸಿ ಆಮೇಲೆ ರಾಸಾಯನಿಕದಲ್ಲಿ ಗಟ್ಟಿ ಮಾಡುವ ಬದಲು, ಬುರುಡೆಯ ಚಿಪ್ಪಿಗೆ ಅಂಟಿಕೊಂಡಿರುವಾಗಲೇ ಗಟ್ಟಿ ಮಾಡಿ ಆಮೇಲೆ ಎಬ್ಬಿಸಿದ. ಹರಿಯದೆ, ಮುದುಡದೆ, ಇಡಿಯಾಗಿ ಬಂದ ಪೊರೆಯಲ್ಲಿ ದೊಡ್ಡ ರಕ್ತನಾಳದ ಪಕ್ಕಕ್ಕೇ ಆ ನಾಳಗಳು ಓಡುತ್ತಿದ್ದವು. ಯಂತ್ರ ಹೊಸದಲ್ಲ, ಬಣ್ಣ ಹೊಸದಲ್ಲ, ಕೆಲಸದ ಕ್ರಮ ಮಾತ್ರ ಹೊಸದು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಡೇನಿಯಲ್ ರೈಶ್, ಮಾರ್ಟಿನಾ ಅಬ್ಸಿಂಟಾ ಮೊದಲಾದವರು ಜೀವಂತ ಮನುಷ್ಯರ ತಲೆಯಲ್ಲೂ ಇವನ್ನು ಎಂಆರ್‌ಐನಲ್ಲಿ ಹಿಡಿದರು. ಐದು ಜನ ಆರೋಗ್ಯವಂತರು, ಮೂರು ಮಾರ್ಮೊಸೆಟ್ ಕೋತಿಗಳು. ಎಂಆರ್‌ಐ ಚೀಲ ಹೊತ್ತು ನಮ್ಮ ಗಾಡಿಯಲ್ಲಿ ಬರುವವರ ಫಿಲ್ಮುಗಳಲ್ಲೂ ಆ ನಾಳಗಳ ಜಾಗ ಇದ್ದೇ ಇರುತ್ತದೆ, ಅದಕ್ಕಾಗಿ ಯಾರೂ ನೋಡಿರುವುದಿಲ್ಲ ಅಷ್ಟೆ.

ಆಮೇಲೆ ಪೊರೆಯ ಕಡೆಗೆ ವಿಜ್ಞಾನಿಗಳ ಜಾತ್ರೆಯೇ ನೆರೆಯಿತು. 2018ರಲ್ಲಿ ಬಾಸ್ಟನ್ನಿನ ಮಥಿಯಾಸ್ ನಾರೆಂಡಾರ್ಫ್ ತಂಡ ಬುರುಡೆಯ ಮಜ್ಜೆಯಿಂದ ಡ್ಯೂರಾಕ್ಕೆ ನೇರವಾಗಿ ತೆರೆಯುವ ಸೂಕ್ಷ್ಮ ಸುರಂಗಗಳನ್ನು ತೋರಿಸಿತು. ಸೋಂಕಿನೊಡನೆ ಹೋರಾಡುವ ಜೀವಕೋಶಗಳು ರಕ್ತದಲ್ಲಿ ಊರು ಸುತ್ತದೆ ಆ ಕಿಂಡಿಗಳಿಂದಲೇ ಇಳಿಯುತ್ತವೆ. ಅದೇ ವರ್ಷ ಕಿಪ್ನಿಸ್ ತಂಡ ಮುದಿ ಇಲಿಗಳಲ್ಲಿ ಈ ದುಗ್ಧನಾಳಗಳು ಸೊರಗುತ್ತವೆ, ಅವನ್ನು ಚಿಗುರಿಸುವ ಪ್ರೋಟೀನು ಕೊಟ್ಟರೆ ಮಿದುಳಿನಿಂದ ದ್ರವ ಚೆನ್ನಾಗಿ ಹರಿದು ಇಲಿಗಳ ನೆನಪೂ ಸುಧಾರಿಸುತ್ತದೆ ಎಂದಿತು. ಆಲ್ಜೈಮರ್ ರೋಗದ ಇಲಿಗಳಲ್ಲಿ ನಾಳ ಕೆಡಿಸಿದರೆ ಅಮಿಲಾಯ್ಡ್ ಎಂಬ ಕಸ ಹೆಚ್ಚು ಗುಡ್ಡೆಯಾಯಿತು.

ಇಲ್ಲಿ ಸ್ವಲ್ಪ ನಿಂತು ಉಸಿರು ಬಿಡಬೇಕು. ಇಲಿಯಿಂದ ಮನುಷ್ಯನಿಗೆ ಒಂದೇ ಜಿಗಿತಕ್ಕೆ ಹಾರುವ ಆತುರ ಎಲ್ಲ ಕಡೆ ಇದೆ. ನಿದ್ದೆ ಮಾಡುವಾಗ ಮಿದುಳು ತೊಳೆದುಕೊಳ್ಳುತ್ತದೆ ಎಂಬ ಮಾತನ್ನು ನೀವು ವಾಟ್ಸಾಪ್‌ನಲ್ಲಿ ಓದಿಯೇ ಇರುತ್ತೀರಿ. ಅದರ ಮೂಲ 2013ರಲ್ಲಿ ಮೇಕನ್ ನೆಡರ್‌ಗಾರ್ಡ್ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗ. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇಲಿಗಳಲ್ಲೇ ಅಳೆದು, ನಿದ್ದೆಯಲ್ಲಿ ಈ ತೊಳೆಯುವಿಕೆ ಕಡಿಮೆಯಾಗುತ್ತದೆ ಎಂದು ವರದಿ ಮಾಡಿದರು. ವಾದ ಇನ್ನೂ ನಡೆದಿದೆ. ಚೀನಾದ ಹಲವು ಆಸ್ಪತ್ರೆಗಳಲ್ಲಿ ಕುತ್ತಿಗೆಯ ದುಗ್ಧನಾಳವನ್ನು ರಕ್ತನಾಳಕ್ಕೆ ಹೊಲಿದು ಮರೆವಿನ ರೋಗ ಗುಣಮಾಡುತ್ತೇವೆ ಎಂದು ಶಸ್ತ್ರಚಿಕಿತ್ಸೆ ಶುರುವಾಯಿತು. ಸಾಕಷ್ಟು ಆಧಾರವಿಲ್ಲವೆಂದು ಅಲ್ಲಿನ ಆರೋಗ್ಯ ಆಯೋಗವೇ 2025ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಅದು ನಮ್ಮ ದೇಶದ ಜಾಹೀರಾತುಗಳಲ್ಲಿ ಕಾಣಿಸಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ. ಇನ್ನೊಂದು ಕಡೆ, ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ವರ್ಷ ದಾಟಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ, ರಕ್ತ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಮಾಡುತ್ತ, ಮರೆವು ಯಾರಿಗೆ ಏಕೆ ಬರುತ್ತದೆ ಎಂದು ನೋಡುತ್ತಿದ್ದಾರೆ. ಸದ್ದಿಲ್ಲದ, ನಿಧಾನದ ಕೆಲಸ. ನನಗೆ ಅದರ ಮೇಲೆ ಹೆಚ್ಚು ಭರವಸೆ.

ಇದನ್ನೆಲ್ಲ ಮಾಮಾನಿಗೆ ಅಲ್ಲಿಯೇ ಬೆಂಚಿನ ಮೇಲೆ ಕೂತು ನನಗೆ ತಿಳಿದಷ್ಟು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಡ್ಯೂರಾ ನೋಡದೆ ಹೋಗುವುದಿಲ್ಲ ಎಂದರು. ಹುಡುಗಿ ನಮ್ಮನ್ನು ಮತ್ತೆ ಒಳಗೆ ಕರೆದೊಯ್ದು ಮೂಲೆಯ ಪೆಟ್ಟಿಗೆಯೊಂದನ್ನು ತೋರಿಸಿದಳು. ಮೆನಿಂಜಿಯೋಮಾ ಎಂಬ ಗಡ್ಡೆ. ಇದು ಮಿದುಳಿನದಲ್ಲ, ಪೊರೆಯದು. ಬಹುಪಾಲು ಸೌಮ್ಯ, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಪಕ್ಕದ ಮಿದುಳನ್ನು ಒತ್ತುತ್ತದೆ. ಗಡ್ಡೆಯ ಜೊತೆಗೆ ಅದು ಬೇರೂರಿದ ಡ್ಯೂರಾದ ತುಂಡೂ ಅಲ್ಲಿತ್ತು. ಅಂಗೈಯಗಲದ್ದು, ಬಿಳಿಮಾಸಲು, ಅಂಚು ಸ್ವಲ್ಪ ಸುರುಳಿ. ಹಲಗೆಗೆ ಬಿಗಿಯುವ ಮೊದಲು ನೆನೆಹಾಕಿದ ಚರ್ಮ ನೋಡಿದವರಿಗೆ ಅದರ ದಪ್ಪ ಗೊತ್ತಾಗುತ್ತದೆ. ಅದರ ಮೈಮೇಲೆ ಕವಲೊಡೆದ ರಕ್ತನಾಳವೊಂದರ ಗುರುತು ಎದ್ದು ಕಾಣುತ್ತಿತ್ತು.

“ಈ ನಾಳಾನೇ ಬೈಕ್ ಆಕ್ಸಿಡೆಂಟಲ್ಲಿ ತೊಂದರೆ ಕೊಡೋದು,” ಎಂದಳು. ಕಪಾಲದ ಪಕ್ಕದ ಮೂಳೆ ತೆಳು, ಅದು ಬಿರಿದರೆ ಕೆಳಗಿನ ಈ ನಾಳ ಹರಿದು ಮೂಳೆಗೂ ಡ್ಯೂರಾಕ್ಕೂ ನಡುವೆ ರಕ್ತ ತುಂಬುತ್ತದೆ. ಬಿದ್ದವನು ಎದ್ದು ಕೂತು, ನೀರು ಕುಡಿದು, ಏನಾಗಿಲ್ಲ ಎಂದು ಮನೆಗೆ ಹೋಗಿ ಮಲಗಬಹುದು. ಕೆಲವು ತಾಸುಗಳಲ್ಲಿ ಎಚ್ಚರ ತಪ್ಪುತ್ತದೆ. ಸಕಾಲಕ್ಕೆ ಬುರುಡೆ ತೆರೆದು ರಕ್ತ ತೆಗೆದರೆ ಪೂರ್ತಿ ಗುಣವಾಗುವವರೇ ಹೆಚ್ಚು. ಅಕ್ಕಲಕೋಟ ರಸ್ತೆಯಲ್ಲಿ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಮೂವರು ಹೋಗುವ ಬೈಕುಗಳು ನನ್ನ ಕಣ್ಣ ಮುಂದೆ ಹಾದವು.

ಹೊರಡುವಾಗ ಮಾಮಾ ಮಿದುಳು ದಾನದ ವಿಚಾರ ಕೇಳಿದರು. ಸತ್ತ ಮೇಲೆ ಕೆಲವೇ ತಾಸುಗಳೊಳಗೆ ತೆಗೆಯಬೇಕು, ತಡವಾದರೆ ಸಂಶೋಧನೆಗೆ ಬಾರದು ಎಂದು ಹುಡುಗಿ ತಿಳಿಸಿದಳು.

“ಅಂದರ ಬೆಂಗಳೂರಿಗೇ ಬಂದು ಸಾಯಬೇಕೇನ ಯವ್ವಾ?”

“ಹಾಗಲ್ಲ ಅಂಕಲ್. ನಿಮ್ಮ ಹತ್ತಿರದ ಮೆಡಿಕಲ್ ಕಾಲೇಜಿಗೇ ದೇಹದಾನ ಬರೆದುಕೊಡಬಹುದು. ಅಲ್ಲಿ ಮಕ್ಕಳು ಓದ್ತಾರೆ.”

ಸೊಲ್ಲಾಪುರದಲ್ಲಿ 1963ರಿಂದ ಮೆಡಿಕಲ್ ಕಾಲೇಜಿದೆ. ಮಾಮಾ ಕಿಸೆಯಿಂದ ಸಣ್ಣ ವಹಿ ತೆಗೆದು ನನ್ನ ಕೈಗೆ ಕೊಟ್ಟರು, ಪೆನ್ನೂ ಕೊಟ್ಟರು.

“ಬರಕೋ ಅಳಿಯಾ. ಅರ್ಜಿ ಅಲ್ಲೇ ಕೊಡೂಣು. ತಲಿ ತಗಿಯುವಾಗ ಪೊರಿ ಹರೀಬ್ಯಾಡ್ರಿ, ಬುರುಡಿ ಸಮೇತ ಇಡ್ರಿ, ಅಂತ ಕೆಳಗ ಒಂದು ಸಾಲ ಸೇರಸು.”